ಕ್ಯಾರೊಲೈನಾದಲ್ಲೊಂದು ತಾರಸಿ

ಅಮೆರಿಕಕ್ಕೆ ಹೋಗಿಬಂದವರನ್ನು ನಮ್ಮೂರಿನಲ್ಲಿ ಮೊದಲು ಕೇಳುವುದು ನಯಾಗರ ನೋಡಿದಿರಾ ಎಂದು. ನಾವು ನೋಡಲಿಲ್ಲ. ಶ್ವೇತಭವನವನ್ನು ಕಾರಿನ ಕಿಟಕಿಯಿಂದ ನೋಡಿದೆವು, ಅದೂ ಅರ್ಧ. ಉಳಿದರ್ಧಕ್ಕೆ ಒಂದು ಪ್ರವಾಸಿ ಬಸ್ಸು ಅಡ್ಡ ನಿಂತಿತ್ತು. ಮೂರು ವಾರದಲ್ಲಿ ನಾನೂ ನನ್ನ ಹೆಂಡತಿ ನಾಗರತ್ನಳೂ ಅಂಗುಲ ಬಿಡದೆ ನೋಡಿದ್ದು ಒಂದು ಮನೆಯ ತಾರಸಿಯನ್ನು. ಇದು ಅದರ ವರದಿ.

ಮೈಸೂರಿನ ಒಂದು ದಿನಪತ್ರಿಕೆಯ ಡೆಸ್ಕಿನಲ್ಲಿ ಇಪ್ಪತ್ತೇಳು ವರ್ಷ ಕೂತವನು ನಾನು. ಬೇರೆಯವರು ಬರೆದದ್ದನ್ನು ತಿದ್ದುವುದು ನನ್ನ ಕೆಲಸ. ಈ ವರದಿಯೊಳಗೆ ನನ್ನದೇ ಒಂದು ತಪ್ಪಿದೆ. ಅದನ್ನೂ ಅದು ನಡೆದ ಜಾಗದಲ್ಲೇ ಇಟ್ಟಿದ್ದೇನೆ.

ಜರ್ಮನ್‌ಟೌನ್

ಡಲ್ಲೆಸ್ ವಿಮಾನ ನಿಲ್ದಾಣದ ಕಸ್ಟಮ್ಸ್ ಅಧಿಕಾರಿ ನಾಗರತ್ನಳ ಪೆಟ್ಟಿಗೆಯಿಂದ ಒಂದು ಬಟ್ಟೆಯ ಚೀಲ ತೆಗೆದು, ಒಳಗೆ ಕೈ ಹಾಕಿ, ಬಿಳಿ ಕಾಳುಗಳನ್ನು ಬೆಳಕಿಗೆ ಹಿಡಿದು ನೋಡಿದ. ಸರ ಪೋಣಿಸುವ ಮಣಿಯೇ ಎಂದು ಕೇಳಿದ. ಅದು ಸಬ್ಬಕ್ಕಿ. ನಾಗರತ್ನ ಬಾಯಿಗೆ ಕೈ ಹಿಡಿದು ತಿನ್ನುವ ಅಭಿನಯ ಮಾಡಿ ತೋರಿಸಿದಳು. ಅವನು ಒಂದು ಕಾಳನ್ನು ಹಲ್ಲಿಗೆ ಕೊಟ್ಟು ನೋಡಿ, ತಕ್ಷಣ ನಮ್ಮನ್ನು ಬಿಟ್ಟುಬಿಟ್ಟ.

ಹೊರಗೆ ಕಾಯುತ್ತಿದ್ದವನು ಶ್ರೀಧರ, ನಾಗರತ್ನಳ ತಂಗಿ ವಿಮಲಾಳ ಗಂಡ. ಅವರ ಮನೆ ಇರುವುದು ಉತ್ತರ ಕ್ಯಾರೊಲೈನಾದ ಒಂದು ಸಣ್ಣ ನಗರದಲ್ಲಿ. ನಿಲ್ದಾಣಕ್ಕೆ ಹತ್ತಿರದ ಜರ್ಮನ್‌ಟೌನಿನ ಪ್ರಯೋಗಾಲಯವೊಂದರಲ್ಲಿ ಅವನಿಗೆ ಎರಡು ದಿನದ ಕೆಲಸವಿದ್ದುದರಿಂದ ಆ ಎರಡು ದಿನ ಅಲ್ಲೇ ಅವನ ಗೆಳೆಯ ಇಮ್ತಿಯಾಜ್ ಮನೆಯಲ್ಲಿ ಉಳಿದೆವು. ಇಮ್ತಿಯಾಜ್ ಮೈಸೂರಿನ ಮಂಡಿಮೊಹಲ್ಲಾದವರು.

"ಬನ್ನಿ ಸಾರ್. ನಿಮ್ಮ ಪೇಪರ್ ಓದ್ಕೊಂಡೇ ನಾನು ಕನ್ನಡ ಕಲ್ತಿದ್ದು. ನನ್ನ ಮಾತಲ್ಲಿ ತಪ್ಪಿದ್ರೆ ನೀವೇ ಜವಾಬ್ದಾರಿ" ಎಂದು ಸ್ವಾಗತಿಸಿದರು.

ಮರುದಿನ ಬೆಳಿಗ್ಗೆ ನಾಗರತ್ನ ಒದ್ದೆ ಟವೆಲನ್ನು ಬಾಲ್ಕನಿಯ ಕಂಬಿಗೆ ಹಾಕಿದಳು. ಇಮ್ತಿಯಾಜರ ಹೆಂಡತಿ ನಸ್ರೀನ್ ಅಡುಗೆಮನೆಯಿಂದ ಓಡಿಬಂದರು.

"ಆಂಟಿ, ಬೇಡ ಬೇಡ! ಇಲ್ಲಿ ಬಟ್ಟೆ ಹಾಕಿದ್ರೆ ಅಪಾರ್ಟ್‌ಮೆಂಟ್ ಆಫೀಸಿಂದ ಲೆಟರ್ ಬರತ್ತೆ."

"ಹೌದಾ? ಮತ್ತೆ ತಾರಸಿಗೆ ಎಲ್ಲಿಂದ ಹತ್ತಬೇಕು?"

"ತಾರಸಿ ಇಲ್ಲ ಆಂಟಿ."

"ಈ ಬಿಲ್ಡಿಂಗಿಗೆ ಇಲ್ವಾ?"

"ಈ ದೇಶಕ್ಕೇ ಇಲ್ಲ" ಎಂದರು ಇಮ್ತಿಯಾಜ್, ಟೈ ಕಟ್ಟಿಕೊಳ್ಳುತ್ತಾ. "ಸೂರ್ಯ ಸುಮ್ನೆ ಬಂದು ಹೋಗ್ತಾನೆ ಆಂಟಿ. ಕೆಲಸ ಎಲ್ಲಾ ಡ್ರೈಯರ್ ಮಾಡತ್ತೆ."

ಕಿಟಕಿಯಿಂದ ನೋಡಿದೆ. ಮಾತು ನಿಜ. ಕಣ್ಣು ಹಾಯುವಷ್ಟು ದೂರವೂ ಓದುತ್ತಾ ಬೋರಲು ಹಾಕಿಟ್ಟ ಪುಸ್ತಕಗಳಂತೆ ಇಳಿಜಾರು ಮಾಡುಗಳು. ನಾಗರತ್ನ ತನ್ನ ಸಬ್ಬಕ್ಕಿ ಚೀಲವನ್ನು ಮತ್ತೆ ಪೆಟ್ಟಿಗೆಯ ತಳಕ್ಕೆ ಸೇರಿಸಿದಳು. ತಂಗಿಗೆ ಸಂಡಿಗೆ ಮಾಡಿಕೊಟ್ಟು ಬರಬೇಕೆಂದು ಎರಡು ತಿಂಗಳಿಂದ ಯೋಜನೆ ಹಾಕಿದ್ದವಳು.

ದಕ್ಷಿಣದ ಹೆದ್ದಾರಿ

ವರ್ಜೀನಿಯಾ ದಾಟುವ ಹೊತ್ತಿಗೆ ಶ್ರೀಧರ ರೇಡಿಯೊ ಆರಿಸಿದ.

"ಭಾವ, ಮನೆಗೆ ಹೋಗೋಕ್ ಮುಂಚೆ ಒಂದು ವಿಷಯ ಹೇಳ್ಬಿಡ್ತೀನಿ. ವಿಮಲಾ ಸ್ವಲ್ಪ ಬೇಜಾರಲ್ಲಿದಾಳೆ. ನೀವು ಮನೆ ಬಗ್ಗೆ ಜೋಕ್ ಮಾಡ್ಬೇಡಿ."

ವಿಷಯ ಇಷ್ಟು. ಎರಡು ವರ್ಷದಿಂದ ಅವರು ಬಾಡಿಗೆಗೆ ಇರುವ ಮನೆ ಮಿಸೆಸ್ ಕಾಬ್ ಎಂಬ ಎಂಬತ್ತು ದಾಟಿದ ಮಹಿಳೆಯದು. ಅವರ ಗಂಡ ವಾಲ್ಟರ್ ವಾಸ್ತುಶಿಲ್ಪಿ. ಆತ ಎರಡನೇ ಮಹಾಯುದ್ಧ ಮುಗಿದು ಕೆಲವೇ ವರ್ಷಗಳಲ್ಲಿ ಆ ಊರಿನಲ್ಲಿ ಹೊಸ ಬಗೆಯ ಮೂರು ಮನೆಗಳನ್ನು ಕಟ್ಟಿದರು: ಚಪ್ಪಟೆ ಮಾಡು, ಗಾಜಿನ ಗೋಡೆ, ಕಂಬ ಕಮಾನು ಅಲಂಕಾರ ಯಾವುದೂ ಇಲ್ಲ. ಎರಡು ಮನೆಗಳನ್ನು ಕೆಡವಿಯಾಗಿತ್ತು. ಉಳಿದದ್ದು ವಾಲ್ಟರ್ ತಮಗಾಗಿ ಕಟ್ಟಿಕೊಂಡದ್ದು ಮಾತ್ರ. ವಿಮಲಾ ಮತ್ತು ಶ್ರೀಧರ ಅದನ್ನು ಕೊಳ್ಳಬೇಕೆಂದಿದ್ದರು, ಮಿಸೆಸ್ ಕಾಬ್ ಒಪ್ಪಿದ್ದರು. ಆದರೆ ಮಾಡು ಸೋರುತ್ತಿತ್ತು. ಮಾಡಿನ ಕೆಲಸದವರು ಮೂವರು ಬಂದು ನೋಡಿ, ಇದು ಸರಿಯಾಗುವುದಿಲ್ಲ ಎಂದಿದ್ದರು. ಅಷ್ಟರಲ್ಲಿ ಒಬ್ಬ ಬಿಲ್ಡರ್ ಬಂದ. ಮನೆ ಕೆಡವಿ ಆ ಜಾಗದಲ್ಲಿ ದಪ್ಪ ಬಿಳಿ ಕಂಬಗಳ ಎರಡಂತಸ್ತಿನ ಮನೆ ಕಟ್ಟುವುದು ಅವನ ಲೆಕ್ಕ.

"ಶುಕ್ರವಾರ ಬೆಳಿಗ್ಗೆ ಮಿಸೆಸ್ ಕಾಬ್ ಅವನಿಗೆ ಸೈನ್ ಮಾಡ್ತಾರೆ. ಅಷ್ಟರೊಳಗೆ ಒಂದು ಮಳೆ ಬಂದು, ಮನೆಯೊಳಗೆ ಒಂದು ಹನಿ ಬೀಳದೆ ಇದ್ರೆ ಮಾತ್ರ ಮನೆ ನಮಗೆ ಅಂದಿದಾರೆ. ಟಿವೀಲಿ ಗುರುವಾರ ಥಂಡರ್‌ಸ್ಟಾರ್ಮ್ ಅಂತಿದಾರೆ."

"ಬೀಳತ್ತಾ?" ಎಂದೆ.

"ಬೀಳದೆ ಏನು ಭಾವ? ಧಾರೆ."

ಭಾನುವಾರ: ಚಪ್ಪಟೆ ಮನೆ

ಬೀದಿಯುದ್ದಕ್ಕೂ ಚೂಪು ಮಾಡಿನ ಇಟ್ಟಿಗೆ ಮನೆಗಳು, ಪ್ರತಿಯೊಂದರ ಮುಂದೂ ಕಂಬ, ಹುಲ್ಲುಹಾಸು. ಕೊನೆಯಲ್ಲಿ ಎತ್ತರದ ಪೈನ್ ಮರಗಳ ಕೆಳಗೆ ಆ ಮನೆ ತಲೆ ತಗ್ಗಿಸಿ ಕೂತಿತ್ತು. ಬೀದಿಗೆ ಕಾಣುವುದು ಉದ್ದನೆಯ ಇಟ್ಟಿಗೆ ಗೋಡೆ, ಅದರ ನೆತ್ತಿಯಲ್ಲಿ ಸಾಲಾಗಿ ಕಿರುಗಿಟಕಿ, ಮೇಲೆ ಮೂರಡಿ ಮುಂದೆ ಚಾಚಿದ ಚಪ್ಪಟೆ ಮಾಡು. ಒಳಗೆ ಕಾಲಿಟ್ಟರೆ ಹಿಂಗೋಡೆಯೇ ಇಲ್ಲ. ನೆಲದಿಂದ ಚಾವಣಿಯವರೆಗೆ ಗಾಜು, ಆಚೆ ಇಡೀ ಇಳಿಜಾರು ಕಾಡು. ಚಾವಣಿಯ ಮರದ ತೊಲೆಗಳು ಗಾಜನ್ನು ದಾಟಿ ಹಾಗೇ ಹೊರಕ್ಕೆ ಹೋಗಿದ್ದವು. ಅಡುಗೆಮನೆಗೂ ಹಾಲಿಗೂ ನಡುವೆ ಗೋಡೆಯಿರಲಿಲ್ಲ.

ನಾನು ವಿಸ್ಮಯಪಡಲು ಸಿದ್ಧನಾಗಿ ಬಂದಿದ್ದೆ. ಆದದ್ದು ಬೇರೆ. ಸರಸ್ವತಿಪುರಂನಲ್ಲಿ ಬ್ಯಾಂಕಿನವರು, ಕಾಲೇಜಿನ ಮೇಷ್ಟ್ರುಗಳು ಅರವತ್ತರ ದಶಕದಲ್ಲಿ ಕಟ್ಟಿಸಿದ ತಾರಸಿ ಮನೆಗಳಿವೆಯಲ್ಲ, ಸಜ್ಜಾ ಚಾಚಿಕೊಂಡು, ಅಲಂಕಾರವಿಲ್ಲದೆ? ಅಂಥದೊಂದನ್ನು ಯಾರೋ ಎರಡು ತುದಿ ಹಿಡಿದು ಉದ್ದಕ್ಕೆ ಎಳೆದು, ಹಿಂದಿನ ಗೋಡೆ ಕಳಚಿ ಗಾಜು ಕೂರಿಸಿದಂತಿತ್ತು. ಅಮೆರಿಕದಲ್ಲಿ ಮೊದಲ ಬಾರಿಗೆ ಒಂದು ಮನೆಯ ಆಕಾರ ನನಗೆ ಪರಿಚಿತವೆನ್ನಿಸಿತು.

ನಾಗರತ್ನ ಅಂಗಳದಲ್ಲೇ ನಿಂತಿದ್ದಳು. "ರೀ, ಬನ್ನಿ ಇಲ್ಲಿ. ತಾರಸಿ ಕಣ್ರೀ!"

ಹಾಲಿನ ನಡುವೆ, ಕಾರ್ಪೆಟ್ಟಿನ ಮೇಲೆ, ಇಡ್ಲಿ ಪಾತ್ರೆ ಇತ್ತು. ಸೋರುವುದು ಅಲ್ಲೇ. ವಿಮಲಾ ಅದನ್ನು ಕಾಲಿನಿಂದ ಒಂದಿಷ್ಟು ಸರಿಸಿ, "ಒಂದು ವರ್ಷದಿಂದ ಇಡ್ಲಿ ಮಾಡಿಲ್ಲ ಅಕ್ಕ, ಪಾತ್ರೆ ಡ್ಯೂಟೀಲಿದೆ" ಎಂದು ನಕ್ಕಳು. ನಗು ಪೂರ್ತಿ ಬರಲಿಲ್ಲ. ಅವಳು ಊರಿನ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಾಳೆ. "ನೋಡಿ ಭಾವ, ಬೇರೆ ಮನೆ ಸಿಗತ್ತೆ, ಸತ್ತೇನೂ ಹೋಗಲ್ಲ. ಆದ್ರೆ ಈ ದೇಶಕ್ಕೆ ಬಂದು ಏಳು ವರ್ಷದಲ್ಲಿ ನಾನು ಬಾಗಿಲು ತೆಗೆದಾಗ ನಮ್ಮನೆ ಅನ್ಸಿದ್ದು ಇದೊಂದೇ."

ಸಂಜೆ ಮಿಸೆಸ್ ಕಾಬ್ ಬಂದರು. ಹತ್ತಿರದ ವೃದ್ಧರ ವಸತಿಯಲ್ಲಿರುತ್ತಾರೆ, ಭಾನುವಾರ ಚರ್ಚು ಮುಗಿಸಿ ಮನೆ ನೋಡಿ ಹೋಗುವುದು ರೂಢಿ. ಉದ್ದ, ತೆಳ್ಳಗೆ, ಹೊಳೆಯುವ ಬೂಟು. ಊರಿನವರು ನಲವತ್ತು ವರ್ಷದಿಂದ ಈ ಮನೆಯನ್ನು ಪೆಟ್ರೋಲ್ ಬಂಕ್ ಎಂದು ಕರೆಯುತ್ತಾರಂತೆ.

"ಗಂಡ ಇರುವಾಗ ನಾವಿಬ್ಬರೂ ನಗುತ್ತಿದ್ದೆವು" ಎಂದರು. "ಈಗ ಇಲ್ಲಿ ಪಾತ್ರೆ ಇಟ್ಟಿರುವುದನ್ನು ನೋಡಿದಾಗ ಊರಿನವರು ಹೇಳಿದ್ದೇ ಸರಿಯೇನೋ ಅನ್ನಿಸುತ್ತದೆ. ವಾಲ್ಟರನ ಮನೆ ನಗೆಪಾಟಲಾಗಿ ನಿಲ್ಲುವುದಕ್ಕಿಂತ ಇಲ್ಲದಿರುವುದೇ ಮೇಲು."

ನಾನು ಏಣಿ ಹತ್ತಿ ಮಾಡಿನ ಮೇಲೆ ಒಂದು ಸುತ್ತು ಬಂದೆ. ಟಾರಿನ ಮೇಲೆ ಸಣ್ಣ ಜಲ್ಲಿ ಹರಡಿತ್ತು. ಕೆಳಗಿಳಿದು ವಿಮಲಾಳಿಗೆ ಹೇಳಿದೆ: "ಮೂರು ಜನ ತಿಳಿದವರು ಒಂದೇ ಮಾತು ಹೇಳಿದಾರೆ. ಮೂರು ಕಡೆಯಿಂದ ಒಂದೇ ಸುದ್ದಿ ಬಂದರೆ ನಾವು ಅಚ್ಚು ಹಾಕ್ತೀವಿ. ಆಸೆ ಇಟ್ಕೋಬೇಡ." ರಾತ್ರಿ ಟಿಪ್ಪಣಿ ಪುಸ್ತಕದಲ್ಲಿ ಬರೆದೆ: ಈ ಮನೆ ಉಳಿಯುವುದಿಲ್ಲ.

ಸೋಮವಾರ: ಕೆಂಪು ವಾಹನ

ಬೆಳಿಗ್ಗೆ ನಾನು ಸ್ನಾನ ಮಾಡಿ ಬರುವಷ್ಟರಲ್ಲಿ ಅಡುಗೆಮನೆಯ ದೊಡ್ಡ ಪಾತ್ರೆ ಖಾಲಿಯಾಗಿತ್ತು. ನಾಗರತ್ನ ಸಬ್ಬಕ್ಕಿ ಬೇಯಿಸಿ, ಉಪ್ಪು, ಹಸಿಮೆಣಸು, ನಿಂಬೆರಸ ಹಾಕಿ, ಏಣಿ ಹತ್ತಿ ಮೇಲೆ ಹೋಗಿದ್ದಳು. ಮನೆ ಬದಲಿಸುವಾಗ ತಂದ ರಟ್ಟಿನ ಪೆಟ್ಟಿಗೆಗಳನ್ನು ಬಿಚ್ಚಿ ಜಲ್ಲಿಯ ಮೇಲೆ ಹಾಸಿದ್ದಳು, ಅದರ ಮೇಲೆ ನನ್ನ ಎರಡು ಹಳೇ ಪಂಚೆ, ಪಂಚೆಯ ಮೇಲೆ ಸಾಲು ಸಾಲು ಸಂಡಿಗೆ. ಪಕ್ಕದಲ್ಲಿ ಕಪ್ಪು ಛತ್ರಿ ಬಿಡಿಸಿಕೊಂಡು ಕಾವಲು ಕೂತಿದ್ದಳು.

"ಇಳಿಯೇ, ಜನ ಏನಂದ್ಕೋತಾರೆ" ಎಂದೆ.

"ಏನಂದ್ಕೋತಾರೆ, ಸಂಡಿಗೆ ಅಂತಾರೆ. ಕಾಗೆ ಇಲ್ಲ ಸರಿ, ಅಳಿಲುಗಳು ನೋಡಿ ಹೆಂಗೆ ಸಾಲಾಗಿ ಕೂತಿವೆ!"

ಜನ ಸಂಡಿಗೆ ಎನ್ನಲಿಲ್ಲ. ಹತ್ತೂವರೆಗೆ ಗಂಟೆ ಬಾರಿಸುತ್ತಾ ಅಗ್ನಿಶಾಮಕ ದಳದ ಕೆಂಪು ವಾಹನ ಬಂತು. ಎದುರುಮನೆಯವರು, ಪಾಪ, ಕಾಳಜಿಯಿಂದಲೇ ಫೋನ್ ಮಾಡಿದ್ದರು: ಬಣ್ಣದ ಬಟ್ಟೆ ಸುತ್ತಿಕೊಂಡ ಒಬ್ಬ ಹೆಂಗಸು ಎರಡು ಗಂಟೆಯಿಂದ ಮಾಡಿನ ಮೇಲೆ ಛತ್ರಿ ಹಿಡಿದು ಕೂತಿದ್ದಾಳೆ, ಕೆಳಗಿಳಿಯಲು ಬಾರದೆ ಸಿಕ್ಕಿಹಾಕಿಕೊಂಡಿರಬೇಕು.

ನಾಲ್ವರು ಇಳಿದರು. ಅವರಲ್ಲಿ ಡ್ವೇನ್ ಎಂಬ ಭಾರಿ ಆಳು ಏಣಿ ಹತ್ತಿ, ತಲೆ ಮಾತ್ರ ಮಾಡಿನ ಮೇಲೆ ತಂದು, ಬಹಳ ಮೃದುವಾಗಿ, "ಅಮ್ಮಾ, ನೀವು ಕ್ಷೇಮವೇ?" ಎಂದು ಕೇಳಿದ.

ನಾಗರತ್ನ ಅವನ ಬೂಟು ನೋಡಿದಳು. "ವಿಮಲೂ, ಇವನಿಗೆ ಹೇಳೇ, ತುಳೀಬೇಡ ಅಂತ!"

ವಿಮಲಾ ಕೆಳಗಿನಿಂದ ಎಲ್ಲವನ್ನೂ ವಿವರಿಸಿದಳು. ಡ್ವೇನ್ ಸಂಡಿಗೆಗಳನ್ನೂ ಅಳಿಲುಗಳನ್ನೂ ನೋಡಿ, ಇದು ನ್ಯಾಯವಾದ ಕಾವಲು ಎಂದು ಒಪ್ಪಿದ. ಹೋಗುವಾಗ ವಿಮಲಾಳಿಗೆ ಒಂದು ಚೀಟಿ ಕೊಟ್ಟ. ಅಲ್ಲಿನ ಅಗ್ನಿಶಾಮಕದವರು ರಜೆಯ ದಿನ ಇನ್ನೊಂದು ಕಸುಬು ಮಾಡುತ್ತಾರಂತೆ. ಅವನದು ನಲ್ಲಿ, ಕೊಳವೆ ರಿಪೇರಿ.

ಬುಧವಾರ: ಒಣಗದ ಸಾಲು

ಮೂರನೇ ದಿನ ಮಧ್ಯಾಹ್ನ ನಾಗರತ್ನ ಮೇಲಿಂದ ಕರೆದಳು. ಸಂಡಿಗೆ ಎಲ್ಲವೂ ಗರಿಗರಿ ಒಣಗಿ ಪಂಚೆಯಿಂದ ಬಿಟ್ಟಿದ್ದವು. ಒಂದು ಮೂಲೆಯ ಎರಡು ಸಾಲು ಮಾತ್ರ ಹಾಕಿದಾಗ ಇದ್ದಂತೆಯೇ ಮೆತ್ತಗಿದ್ದವು.

"ನೆರಳು ಬೀಳತ್ತೇನೋ" ಎಂದೆ.

"ಎಲ್ಲಿ ನೆರಳು? ಮೂರು ದಿನದಿಂದ ಇಲ್ಲೇ ಕೂತಿದೀನಿ, ನಂಗೆ ಗೊತ್ತಿಲ್ವಾ? ರಟ್ಟು ಮುಟ್ಟಿ ನೋಡಿ."

ರಟ್ಟು ಎತ್ತಿದರೆ ಹರಿದು ಕೈಗೆ ಬಂತು. ತಳ ನೆನೆದು ಅಂಬಲಿಯಾಗಿತ್ತು. ಮಳೆ ಬಂದು ಒಂದು ವಾರವಾಗಿತ್ತು. ನಾಗರತ್ನ ಜಲ್ಲಿಯನ್ನು ಅಂಗೈಯಿಂದ ಸರಿಸಿದಳು. ಕೆಳಗೆ ನೀರು ಮಿನುಗಿತು.

"ನಮ್ಮನೆ ತಾರಸಿ ಹಾಕುವಾಗ ಮೇಸ್ತ್ರಿ ಏನು ಮಾಡಿದ್ದ? ಒಂದು ಕೊಡ ನೀರು ಚೆಲ್ಲಿ, ಎಲ್ಲಿಗೆ ಹೋಗತ್ತೆ ನೋಡಿ ಅಂದಿದ್ದ. ತಗೊಂಡು ಬನ್ನಿ ಒಂದು ಬಕೆಟ್."

ತಂದೆ. ಚೆಲ್ಲಿದಳು. ನೀರು ಜಲ್ಲಿಯ ನಡುವೆ ಮೆಲ್ಲಗೆ ಹೊರಟು ಆ ಮೂಲೆಗೇ ಬಂದು ನಿಂತಿತು.

"ನೋಡಿ, ವಾಟ ಸರಿಯಾಗೇ ಕೊಟ್ಟಿದಾನೆ ಪುಣ್ಯಾತ್ಮ. ನೀರೆಲ್ಲ ಇಲ್ಲಿಗೆ ಬರ್ಲಿ ಅಂತಲೇ ಇಳಿಜಾರು ಮಾಡಿದಾನೆ. ಹಂಗಾದ್ರೆ ತೂಬೆಲ್ಲಿ?"

ತೂಬು ಇರಲಿಲ್ಲ. ಇಡೀ ಮಾಡಿಗೆ ಇದ್ದದ್ದು ಒಂದೇ, ಆಚೆ ತುದಿಯಲ್ಲಿ, ಅಡುಗೆಮನೆಯ ಮೇಲೆ.

ಆಗ ನಾನು ಭಾನುವಾರವೇ ಕೇಳಬೇಕಿದ್ದ ಪ್ರಶ್ನೆಯನ್ನು ಶ್ರೀಧರನಿಗೆ ಫೋನಿನಲ್ಲಿ ಕೇಳಿದೆ: ಮಾಡಿನವರು ಮೂವರಲ್ಲಿ ಎಷ್ಟು ಜನ ಏಣಿ ಹತ್ತಿದ್ದರು?

"ಮೊದಲನೆಯವನು ಹತ್ತಿದ ಭಾವ. ಅವನು ಹೇಳಿದ್ದನ್ನ ನಾನು ಎರಡನೆಯವನಿಗೆ ಹೇಳ್ದೆ, ಅವನು ಕೆಳಗಿಂದಲೇ ನೋಡಿ ಕರೆಕ್ಟ್ ಅಂದ. ಮೂರನೆಯವನು ಕಾರಿಂದ ಇಳಿಲಿಲ್ಲ."

ಮೂರು ಮೂಲಗಳೆಂದು ನಾನು ಎಣಿಸಿದ್ದು ಒಂದೇ ಮೂಲ. ಡೆಸ್ಕಿನಲ್ಲಿ ಹೊಸ ಹುಡುಗರು ಇದನ್ನು ಮಾಡಿದರೆ ನಾನು ಪ್ರತಿಯನ್ನು ಮುಖಕ್ಕೇ ಎಸೆಯುತ್ತೇನೆ.

ವಿಮಲಾ ಮಿಸೆಸ್ ಕಾಬ್‌ಗೆ ಫೋನ್ ಮಾಡಿ ವಾಲ್ಟರರ ನಕ್ಷೆ ಇದೆಯೇ ಎಂದು ಕೇಳಿದಳು. ಅರ್ಧ ಗಂಟೆಯಲ್ಲಿ ಅವರೇ ತಂದುಕೊಟ್ಟರು, ಉದ್ದನೆಯ ರಟ್ಟಿನ ಕೊಳವೆಯಲ್ಲಿ. ನಿಲ್ಲಲಿಲ್ಲ. "ನನಗೆ ಏನನ್ನೂ ಹೇಳಬೇಡಿ" ಎಂದರು. "ಆಸೆಪಡುವ ವಯಸ್ಸು ನನ್ನದಲ್ಲ."

ಪತ್ರಿಕೆಯಲ್ಲಿ ಕರಡು ತಿದ್ದುವುದು ಇಬ್ಬರ ಕೆಲಸ. ಒಬ್ಬ ಮೂಲಪ್ರತಿಯನ್ನು ಗಟ್ಟಿಯಾಗಿ ಓದುತ್ತಾನೆ, ಇನ್ನೊಬ್ಬ ಅಚ್ಚಾದದ್ದರ ಮೇಲೆ ಬೆರಳಿಟ್ಟು ಸಾಗುತ್ತಾನೆ. ಬಿಟ್ಟುಹೋದ ಸಾಲು ಸಿಗುವುದು ಹೀಗೆಯೇ. ವಿಮಲಾ ಏಣಿಯ ಮೇಲೆ ನಿಂತು ನೀಲಿ ನಕ್ಷೆ ಓದಿದಳು. ನಾನು ಮಾಡಿನ ಮೇಲೆ ಒಂದೊಂದೇ ಮುಟ್ಟುತ್ತಾ ಹೋದೆ.

"ಅಡುಗೆಮನೆ ಚಿಮಣಿ?"

"ಇದೆ."

"ಅದರ ಎಡಕ್ಕೆ ತೂಬು?"

"ಇದೆ."

"ಚಾವಣಿ ಕಿಟಕಿ ಎರಡು?"

"ಎರಡೂ ಇವೆ."

"ಹಾಲಿನ ಫೈರ್‌ಪ್ಲೇಸ್ ಹಿಂದೆ, ಗೋಡೆಯಿಂದ ನಾಲ್ಕಡಿಗೆ, ಇನ್ನೊಂದು ತೂಬು?"

ನಾಲ್ಕಡಿ ಅಳೆದೆ. ನಾನು ನಿಂತದ್ದು ಸಂಡಿಗೆ ಒಣಗದ ಮೂಲೆಯಲ್ಲಿ.

"ಭಾವ? ಇದ್ಯಾ?"

"ಇಲ್ಲ" ಎಂದೆ. "ಬಿಟ್ಟುಹೋಗಿದೆ."

ಡ್ವೇನ್‌ಗೆ ಅಂದು ರಜೆ. ಬಂದ, ಮೊಳಕಾಲೂರಿ, ಟಾರನ್ನು ಚೌಕವಾಗಿ ಕೊಯ್ದ. ಅಡಿಯಲ್ಲಿ ಮೊಳೆ ಹೊಡೆದು ಕೂರಿಸಿದ ತಗಡು. ತಗಡಿನಡಿ ಕಬ್ಬಿಣದ ಜಾಲರಿ, ಜಾಲರಿಯ ಕೆಳಗೆ ಕೊಳವೆ ತುಂಬ ಪೈನ್ ಎಲೆ. ಎಂದೋ ಮಾಡು ರಿಪೇರಿ ಮಾಡಿದವರು, ಕಟ್ಟಿಕೊಂಡ ತೂಬನ್ನು ಬಿಡಿಸುವ ಬದಲು ಮುಚ್ಚಿಬಿಟ್ಟಿದ್ದರು.

"ಬಚ್ಚಲಿಗೆ ಬಿರಡೆ ಹಾಕಿ, ಬಚ್ಚಲು ಕೆಟ್ಟಿದೆ ಅಂದರೆ ಹೇಗೆ?" ಎಂದ ಡ್ವೇನ್. ತಂತಿ ಇಳಿಸಿ ಕೊಳವೆಯನ್ನು ಸಾಫು ಮಾಡಿದ. ನಿಂತ ನೀರು ಹಾಲಿಗೆ ಇಳಿಯುತ್ತಿದ್ದ ಸುತ್ತಲಿನ ಸೀಳುಗಳಿಗೆಲ್ಲ ಹೊಸ ಟಾರು ಬಳಿದ. ಕೊಳವೆಯ ಇನ್ನೊಂದು ಬಾಯಿ ಎಲ್ಲಿ ಎಂದು ಹುಡುಕಿದಾಗ ಸಿಕ್ಕಿದ್ದು ಹಿಂಬದಿಯ ಮಾಡಿನ ಅಂಚಿನಡಿ ಚಾಚಿದ ಒಂದು ತಾಮ್ರದ ದೋಣಿ, ಬಾಯಿ ತೆರೆದ ಸಣ್ಣ ಕಾಲುವೆಯಂಥದ್ದು. ಅಲಂಕಾರದ ವಸ್ತುವೆಂದು ತಿಳಿದು ವಿಮಲಾ ಅದಕ್ಕೆ ಹಕ್ಕಿಗಳ ಕಾಳಿನ ಡಬ್ಬಿ ನೇತುಹಾಕಿದ್ದಳು. ಈ ಮನೆಯಲ್ಲಿ ಅಲಂಕಾರವೇ ಇಲ್ಲವೆಂಬುದನ್ನು ನಾವೆಲ್ಲ ಮರೆತಿದ್ದೆವು.

ಗುರುವಾರ: ಮಳೆ

ಮೂರು ಗಂಟೆಗೆ ಆಕಾಶ ಕಪ್ಪಾಯಿತು. ಮಿಸೆಸ್ ಕಾಬ್ ತಾವಾಗಿ ಬಂದರು, ಹಾಲಿನಲ್ಲಿ ಪಾತ್ರೆಗೆ ಎದುರಾಗಿ ಕುರ್ಚಿ ಎಳೆದುಕೊಂಡು ಕೂತರು. ಶ್ರೀಧರ ಕೆಲಸದಿಂದ ಬೇಗ ಬಂದಿದ್ದ. ಇಡ್ಲಿ ಪಾತ್ರೆಯ ಸುತ್ತ ಐದು ಜನ. ವಿಮಲಾ ಅದರ ಒಳಗನ್ನು ಸೆರಗಿನಂತೆ ಹೊದ್ದಿದ್ದ ಶಾಲಿನ ತುದಿಯಿಂದ ಮತ್ತೊಮ್ಮೆ ಒರೆಸಿದಳು, ಹನಿ ಬಿದ್ದರೆ ಗೊತ್ತಾಗಲಿ ಎಂದು.

ಮಳೆ ಒಮ್ಮೆಲೇ ಬಿತ್ತು. ಗಾಜಿನಾಚೆ ಕಾಡು ಕಾಣದಾಯಿತು. ಹತ್ತು ನಿಮಿಷ. ಚಾವಣಿಯಲ್ಲಿ ಹಳೆಯ ಕಲೆ ಇತ್ತು. ಎಲ್ಲರೂ ಅದನ್ನೇ ನೋಡುತ್ತಿದ್ದೆವು. ಇಪ್ಪತ್ತು ನಿಮಿಷ. ನಾಗರತ್ನ ಪಾತ್ರೆಯೊಳಗೆ ಬೆರಳಾಡಿಸಿ ಎತ್ತಿ ತೋರಿಸಿದಳು. ಒಣಗಿತ್ತು.

ಆಗ ಹೊರಗೆ ಒಂದು ಸದ್ದು ಶುರುವಾಯಿತು. ಮಳೆಯ ಸದ್ದಲ್ಲ, ಒಂದೇ ಕಡೆ, ಒಂದೇ ಸಮ, ಕಲ್ಲಿನ ಮೇಲೆ ಬೀಳುವ ನೀರು. ಮಿಸೆಸ್ ಕಾಬ್ ಎದ್ದು ಗಾಜಿನ ಹತ್ತಿರ ಹೋದರು. ತಾಮ್ರದ ದೋಣಿಯಿಂದ ನೀರು ಬಿಲ್ಲಿನಂತೆ ಹಾರಿ, ಅಂಗಳದ ದೊಡ್ಡ ಬಂಡೆಯ ಕುಳಿಯೊಳಗೆ ಸರಿಯಾಗಿ ಬೀಳುತ್ತಿತ್ತು.

"ವಾಲ್ಟರ್ ಆ ಕಲ್ಲನ್ನು ಒಂದು ಇಡೀ ವಾರ ಅತ್ತ ಇತ್ತ ಸರಿಸಿದ್ದ" ಎಂದರು. "ಪ್ರತಿ ಸಲವೂ ನಾನು ಮೇಲೆ ಹತ್ತಿ ನೀರು ಸುರಿಯಬೇಕು. ನಮ್ಮ ಮೊದಲ ಜಗಳ ಅದೇ. ಅವನಿಗೆ ಕಾಯಿಲೆಯಾದ ವರ್ಷ ಮಾಡು ರಿಪೇರಿಯಾಯಿತು. ಆಮೇಲೆ ಈ ಸದ್ದು ನಿಂತಿತು. ಎಲ್ಲವೂ ನಿಲ್ಲುತ್ತಿತ್ತಲ್ಲ, ಇದೂ ಒಂದು ಎಂದುಕೊಂಡೆ."

ನಲವತ್ತು ನಿಮಿಷಕ್ಕೆ ಮಳೆ ಬಿಟ್ಟಿತು. ಮಿಸೆಸ್ ಕಾಬ್ ಗೋಡೆಯ ಫೋನಿನಿಂದ ಬಿಲ್ಡರನಿಗೆ ಕರೆ ಮಾಡಿದರು. ಮಾತು ಚಿಕ್ಕದು. ನಾಳೆ ಬರುವ ಅಗತ್ಯವಿಲ್ಲ, ಮನೆ ಈಗಾಗಲೇ ಹೋಯಿತು. ಯಾರಿಗೆ ಎಂದು ಅವನು ಕೇಳಿರಬೇಕು. "ಇಲ್ಲೇ ಇರುವವರಿಗೆ" ಎಂದರು, ಫೋನಿಟ್ಟರು.

ವಿಮಲಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಶ್ರೀಧರ ಏನು ಮಾಡಬೇಕೆಂದು ತಿಳಿಯದೆ ನನ್ನ ಕೈ ಕುಲುಕಿದ.

ನಾಗರತ್ನ ನೆಲದಿಂದ ಪಾತ್ರೆ ಎತ್ತಿಕೊಂಡಳು. "ಅಳೋದು ಆಮೇಲೆ ಇಟ್ಕೋ. ಅಕ್ಕಿ ಉದ್ದು ನೆನೆ ಹಾಕೇ ವಿಮಲೂ, ನಾಳೆ ಆಗದಿದ್ರೆ ನಾಡಿದ್ದಾದ್ರೂ ಇಡ್ಲಿ ಮಾಡೋಣ. ಆ ಬೆಂಕಿಯವನನ್ನೂ ಕರಿ."

ಅಂದು ಸಂಡಿಗೆ ಕರಿದಳು. ಮಿಸೆಸ್ ಕಾಬ್ ಒಂದನ್ನು ಕಚ್ಚಿ ಅದರ ಸದ್ದಿಗೇ ಬೆಚ್ಚಿ ನಕ್ಕರು. ಆಮೇಲೆ ಆರು ತಿಂದರು. ನಾನು ಎಣಿಸಿದ್ದೇನೆ.

ಅಟ್ಲಾಂಟಾ

ವಾಪಸು ವಿಮಾನ ಅಟ್ಲಾಂಟಾದಿಂದ. ಶ್ರೀಧರ, ವಿಮಲಾ ಇಬ್ಬರೂ ಕಳಿಸಲು ಬಂದಿದ್ದರು. ದಾರಿಯಲ್ಲಿ ವಿಮಲಾ ಹೇಳಿದ ಸುದ್ದಿ: ಇನ್ನು ಮುಂದೆ ಮಾಡಿನ ಮೇಲೆ ಏನಾದರೂ ಒಣಗಿಸುವ ಮೊದಲು ಒಂದು ಫೋನ್ ಮಾಡಿ ತಿಳಿಸಿದರೆ ಅನುಕೂಲ ಎಂದು ಅಗ್ನಿಶಾಮಕ ಠಾಣೆಯವರು ಕೇಳಿಕೊಂಡಿದ್ದಾರೆ.

"ಮಾಡು ಮಾಡು" ಎಂದಳು ನಾಗರತ್ನ. "ಮಾವಿನಕಾಯಿ ಸಿಕ್ಕಿದ್ರೆ ಉಪ್ಪು ಹಚ್ಚಿ ಒಣಗಿಸು. ಸಂಡಿಗೆಗೊಂದು, ಅದಕ್ಕೊಂದು, ಎರಡು ಫೋನ್ ಆಗತ್ತೆ."

ವಿಮಾನ ಮೇಲೇರಿದಾಗ ಕಿಟಕಿಯಿಂದ ನೋಡಿದೆ. ಕೆಳಗೆ ಸಾವಿರಾರು ಚೂಪು ಮಾಡುಗಳು. ನಾಗರತ್ನ ಆಗಲೇ ನಿದ್ದೆ ಹೋಗಿದ್ದಳು. ನಾನು ಟಿಪ್ಪಣಿ ಪುಸ್ತಕ ತೆಗೆದು, ಪತ್ರಿಕೆಯಲ್ಲಿ ಮಾಡುವಂತೆಯೇ, ಹೊಸ ಪುಟದ ತಲೆಯಲ್ಲಿ ಬರೆದೆ:

ತಿದ್ದುಪಡಿ. ಭಾನುವಾರದ ಪುಟದಲ್ಲಿ 'ಈ ಮನೆ ಉಳಿಯುವುದಿಲ್ಲ' ಎಂದಿರುವುದು ತಪ್ಪು. ಮನೆ ಇದೆ.